ಉತ್ತರದ ಗೋಡೆಗೆ ಏನಾಗಿತ್ತು? ಒಂದು ಇಂಗ್ಲಿಷ್ ಹಳ್ಳಿ ಚರ್ಚಿನ ಪ್ರಕರಣ

ಈ ಚರ್ಚು ಇರುವುದು ಪೂರ್ವ ಇಂಗ್ಲೆಂಡಿನ ಸಫೋಕ್ ಕಡೆ. ಹಳ್ಳಿಯ ಹೆಸರು, ಚರ್ಚಿಗೆ ಇಟ್ಟಿರುವ ಸಂತರ ಹೆಸರು, ಅಲ್ಲಿಯ ಜನರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿಯೂ ಇದ್ದೇನೆ. ಚರ್ಚಿನ ರಿಪೇರಿ ನೋಡಿಕೊಳ್ಳುತ್ತಿದ್ದ ಆರ್ಕಿಟೆಕ್ಟ್ ಕಚೇರಿಯ ಕಡೆಯಿಂದ ನಾನು ಈ ಕೆಲಸದಲ್ಲಿದ್ದೆ.

ಚರ್ಚ್ ಆಫ್ ಇಂಗ್ಲೆಂಡಿಗೆ ಸುಮಾರು 16,000 ಚರ್ಚುಗಳಿವೆ. ಅದರಲ್ಲಿ 12,000ಕ್ಕೂ ಜಾಸ್ತಿ ಸರ್ಕಾರದ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿವೆ. ಇವನ್ನೆಲ್ಲ ಸರ್ಕಾರ ನೋಡಿಕೊಳ್ಳುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಇಲ್ಲ. ಮಾಡು ಸೋರಿದರೆ ದುಡ್ಡು ಹೊಂದಿಸಬೇಕಾದವರು ಊರಿನ ಚರ್ಚಿನ ಸಮಿತಿಯವರೇ, ಅದೂ ಸಂಬಳವಿಲ್ಲದೆ. ಈ ಊರಿನಲ್ಲಿ ಭಾನುವಾರದ ಪ್ರಾರ್ಥನೆಗೆ ಬರುವವರು ಹತ್ತು ಹನ್ನೆರಡು ಜನ. ವಿಕರ್, ಅಂದರೆ ಚರ್ಚಿನ ಪಾದ್ರಿ, ಒಬ್ಬರೇ ಸುತ್ತಲಿನ ಆರೇಳು ಹಳ್ಳಿಗಳ ಚರ್ಚುಗಳಿಗೆ ಓಡಾಡುತ್ತಾರೆ. ಇದು ಇಲ್ಲಿ ಸಾಮಾನ್ಯ ಸ್ಥಿತಿ.

ಹಿನ್ನೆಲೆ

ದಕ್ಷಿಣದ ಮುಖಮಂಟಪದಿಂದ ಒಳಗೆ ಹೋಗಬೇಕು. ಬಾಗಿಲ ಮೇಲಿನ ಕಮಾನು ದುಂಡಗಿದೆ, ಸುತ್ತ ಹಲ್ಲುಹಲ್ಲಾಗಿ ಕೊರೆದ ಕೆತ್ತನೆ. ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಾಲದ್ದು, ಅಂದರೆ 12ನೇ ಶತಮಾನ. ಜನ ಕೂರುವ ಭಾಗಕ್ಕೆ ನೇವ್ ಅನ್ನುತ್ತಾರೆ. ಅದರ ಗೋಡೆಗಳೂ ಅದೇ ಕಾಲದವು, ಹತ್ತಿರ ಹತ್ತಿರ ಒಂದು ಮೀಟರ್ ದಪ್ಪ. ಈ ಸೀಮೆಯಲ್ಲಿ ಕಟ್ಟಡಕ್ಕೆ ಆಗುವ ಕಲ್ಲು ಸಿಗುವುದಿಲ್ಲ. ಹೊಲದಲ್ಲಿ ಎದ್ದು ಬರುವ ಚಕಮಕಿ ಕಲ್ಲೇ ಗತಿ. ಒಳಗೊಂದು ಹೊರಗೊಂದು ಚಕಮಕಿ ಕಲ್ಲಿನ ಮುಖ ಕಟ್ಟಿ, ನಡುವೆ ಚೂರುಕಲ್ಲು, ಮಣ್ಣು, ಸುಣ್ಣದ ಗಾರೆ ತುಂಬಿದ್ದಾರೆ. ಮೂಲೆಗೆ ಮಾತ್ರ ದೂರದಿಂದ ತಂದ ಒಳ್ಳೆಯ ಕಲ್ಲು, ಯಾಕೆಂದರೆ ಗುಂಡುಗುಂಡಾದ ಚಕಮಕಿಯಲ್ಲಿ ನೇರ ಮೂಲೆ ನಿಲ್ಲಿಸುವುದು ಕಷ್ಟ.

ಪೂರ್ವದ ತುದಿಯಲ್ಲಿ ಚಾನ್ಸೆಲ್, ಪೂಜಾವೇದಿಕೆ ಇರುವ ಜಾಗ. ಅದನ್ನು 1300ರ ಸುಮಾರಿಗೆ ಮತ್ತೆ ಕಟ್ಟಿದ್ದಾರೆ. ಕಿಟಕಿಗಳು ಚೂಪು ಕಮಾನಿನವು, ಜಾಸ್ತಿ ಬೆಳಕು. ಪಶ್ಚಿಮದ ಗಂಟೆ ಗೋಪುರ 15ನೇ ಶತಮಾನದ್ದು. ಆಗ ಸಫೋಕ್ ಉಣ್ಣೆ ಬಟ್ಟೆಯ ವ್ಯಾಪಾರದಲ್ಲಿ ದುಡ್ಡು ಮಾಡಿತ್ತು. ಸಾಯುವ ಮುಂಚೆ ಗೋಪುರದ ಕೆಲಸಕ್ಕೆ ಇಷ್ಟು ಅಂತ ಉಯಿಲು ಬರೆಯುವುದು ಅಲ್ಲಿ ವಾಡಿಕೆ. ಗೋಪುರದ ಬುಡದಲ್ಲಿ ಒಡೆದ ಕಪ್ಪು ಚಕಮಕಿಯನ್ನು ಬಿಳಿ ಕಲ್ಲಿನ ಚೌಕಟ್ಟಿನೊಳಗೆ ಸಮಕ್ಕೆ ಕೂರಿಸಿದ ಕೆಲಸವಿದೆ. ನನ್ನ ಕಣ್ಣಿಗೆ ಇಡೀ ಚರ್ಚಿನಲ್ಲಿ ಅದಕ್ಕಿಂತ ಚೆಂದದ್ದು ಇಲ್ಲ. ಅಂದಹಾಗೆ ನಾರ್ಮನ್, ಅರ್ಲಿ ಇಂಗ್ಲಿಷ್, ಡೆಕೊರೇಟೆಡ್, ಪರ್ಪೆಂಡಿಕ್ಯುಲರ್ ಅಂತ ಈಗ ಎಲ್ಲರೂ ಹೇಳುವ ಕಟ್ಟಡ ಶೈಲಿಗಳ ವಿಂಗಡಣೆಯನ್ನು 1817ರಲ್ಲಿ ಬಳಕೆಗೆ ತಂದವರು ಥಾಮಸ್ ರಿಕ್ಮನ್. ಕಟ್ಟಿದ ಮೇಸ್ತ್ರಿಗಳಿಗೆ ಈ ಹೆಸರುಗಳೇ ಗೊತ್ತಿರಲಿಲ್ಲ.

ನೇವ್‌ನಿಂದ ಚಾನ್ಸೆಲ್‌ಗೆ ಹೋಗುವ ಕಮಾನಿನ ಪಕ್ಕದಲ್ಲಿ, ಆಳೆತ್ತರಕ್ಕಿಂತ ಮೇಲೆ, ಒಂದು ಪುಟ್ಟ ಬಾಗಿಲಿದೆ. ಅಲ್ಲಿಂದ ಕಾಲಿಟ್ಟರೆ ನೇರ ನೆಲಕ್ಕೆ ಬೀಳಬೇಕು. ಹಿಂದೆ ಅಲ್ಲೊಂದು ಮರದ ಅಟ್ಟ ಇತ್ತು, ಅದರ ಮೇಲೆ ಶಿಲುಬೆಗೇರಿದ ಯೇಸುವಿನ ದೊಡ್ಡ ಮೂರ್ತಿ. ಇಂಗ್ಲೆಂಡಿನ ಚರ್ಚು ರೋಮಿನ ಪೋಪರಿಂದ ಬೇರೆಯಾದ 16ನೇ ಶತಮಾನದ ಮತಸುಧಾರಣೆಯಲ್ಲಿ ಮೂರ್ತಿ ಹೋಯಿತು, ಅಟ್ಟವೂ ಹೋಯಿತು. ಮೆಟ್ಟಿಲು ಗೋಡೆಯೊಳಗೆ ಉಳಿಯಿತು. ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ 1547ರಲ್ಲೇ ಚಿತ್ರ, ಮೂರ್ತಿಗಳನ್ನು ತೆಗೆಯಬೇಕು ಅಂತ ಆಜ್ಞೆ ಹೊರಟಿತು. ಊರೂರಲ್ಲಿ ಗೋಡೆ ಚಿತ್ರಗಳ ಮೇಲೆ ಸುಣ್ಣ ಬಿತ್ತು. ಈ ಸುಣ್ಣದ ವಿಷಯ ಮುಂದೆ ಬರುತ್ತದೆ.

1643–44ರಲ್ಲಿ ಅಂತರ್ಯುದ್ಧದ ನಡುವೆ ವಿಲಿಯಂ ಡೌಸಿಂಗ್ ಎಂಬ ಪ್ಯೂರಿಟನ್ (ಕಟ್ಟಾ ಪ್ರೊಟೆಸ್ಟೆಂಟ್) ಅಧಿಕಾರಿ ಸಫೋಕ್, ಕೇಂಬ್ರಿಜ್‌ಶೈರ್ ಚರ್ಚುಗಳನ್ನು ಸುತ್ತಿ ಉಳಿದ ಚಿತ್ರಗಾಜು, ಶಿಲುಬೆಗಳನ್ನು ಒಡೆಸಿದ. ಒಡೆದದ್ದಕ್ಕೆ ದಿನಚರಿಯನ್ನೂ ಬರೆದಿಟ್ಟ. ಈ ಕಡೆ ಎಲ್ಲೇ ಗಾಜು ಇಲ್ಲದಿದ್ದರೂ ಅವನನ್ನೇ ಬೈಯುತ್ತಾರೆ. ಪಾಪ, ಎಷ್ಟೋ ಕಡೆ ಅವನಿಗಿಂತ ನೂರು ವರ್ಷ ಮೊದಲೇ ಒಡೆದಾಗಿತ್ತು.

ಆಮೇಲೆ ವಿಕ್ಟೋರಿಯಾ ರಾಣಿಯ ಕಾಲ. 1839ರಲ್ಲಿ ಶುರುವಾದ ಕೇಂಬ್ರಿಜ್ ಕ್ಯಾಮ್ಡನ್ ಸೊಸೈಟಿ ಮಧ್ಯಯುಗದ ಚರ್ಚು ಹೇಗಿರಬೇಕು ಅಂತ ದೇಶಕ್ಕೇ ಪಾಠ ಹೇಳಿತು. ಅದರ ಗಾಳಿ ಈ ಊರಿಗೂ ಬೀಸಿತು. 1870ರ ದಶಕದಲ್ಲಿ ಬಾಗಿಲಿದ್ದ ಎತ್ತರದ ಆಸನಗಳನ್ನು ಕಿತ್ತು ಈಗಿನ ಬೆಂಚುಗಳನ್ನು ಹಾಕಿದರು. ನೆಲಕ್ಕೆ ಚಿತ್ತಾರದ ಹೆಂಚು ಬಂತು. ಹೊರಗಿನ ಗೋಡೆಯ ಹಳೇ ಸುಣ್ಣದ ಗಿಲಾವನ್ನು ಕೆರೆದು ಚಕಮಕಿ ಕಲ್ಲನ್ನು ಬೆತ್ತಲೆ ಮಾಡಿದರು. ಕಲ್ಲು ಕಂಡರೇ ಪುರಾತನ ಅನ್ನುವ ನಂಬಿಕೆ. ಈ ಕೆರೆಯುವ ಚಟದ ವಿರುದ್ಧ ಸಿಟ್ಟಿಗೆದ್ದೇ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣಾ ಸಂಘ ಕಟ್ಟಿದ್ದು. ಈ ಗೋಡೆಗೆ ಅದು ತಡವಾಗಿ ಬಂತು.

ಕೊನೆಯ ಕೈ 1960ರ ದಶಕದ್ದು. ಹೊರಗೆ ಕಲ್ಲಿನ ಸಂದುಗಳಿಗೆ ಸಿಮೆಂಟ್ ಪಾಯಿಂಟಿಂಗ್. ಒಳಗೆ ಎದೆಯೆತ್ತರದವರೆಗೆ ಸಿಮೆಂಟ್ ಪ್ಲಾಸ್ಟರು, ಮೇಲೆ ಪ್ಲಾಸ್ಟಿಕ್ ಪೇಂಟು.

ಸಮಸ್ಯೆ

ಉತ್ತರದ ಗೋಡೆ ಒದ್ದೆ. ಪ್ಲಾಸ್ಟರಿನ ಮೇಲಂಚಿನಲ್ಲಿ ಕಂದು ಕಲೆ, ಅದರ ಮೇಲೆ ಹತ್ತಿಯಂಥ ಬಿಳಿ ಉಪ್ಪು. ಹಾಡಿನ ಪುಸ್ತಕಗಳಿಗೆ ಬೂಷ್ಟು ವಾಸನೆ. ಆರ್ಗನ್ ವಾದ್ಯದ ಮರ ಉಬ್ಬಿ ಕೆಲವು ಕೀಗಳು ಒತ್ತಿದರೆ ಮೇಲೇ ಬರುತ್ತಿರಲಿಲ್ಲ. 1955ರಲ್ಲಿ ಬಂದ ನಿಯಮದ ಪ್ರಕಾರ ಪ್ರತಿ ಚರ್ಚನ್ನೂ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ಹಿಂದಿನ ವರದಿಗಳನ್ನು ತೆಗೆದು ನೋಡಿದರೆ ಒಂದಾದ ಮೇಲೊಂದರಲ್ಲಿ ಅದೇ ಸಾಲು: ಉತ್ತರದ ಗೋಡೆಯಲ್ಲಿ ತೇವ, ಗಮನಿಸಿ. ಎಲ್ಲರೂ ಗಮನಿಸುತ್ತಲೇ ಇದ್ದರು.

ಕೊನೆಗೆ ಸಮಿತಿ ತೇವ ತಡೆಯುವ ಒಂದು ಕಂಪನಿಯನ್ನು ಕರೆಸಿತು. ಬಂದವರು ಗೋಡೆಗೆ ಮೀಟರ್ ಚುಚ್ಚಿದರು, ಕೆಂಪು ದೀಪ ಹತ್ತಿತು. ಗೋಡೆಯ ಬುಡದಲ್ಲಿ ಸಾಲಾಗಿ ತೂತು ಕೊರೆದು ರಾಸಾಯನಿಕ ತುಂಬುತ್ತೇವೆ, ಕೆಳಗಿನಿಂದ ನೀರೇರುವುದು ನಿಲ್ಲುತ್ತದೆ, ಬರವಣಿಗೆಯಲ್ಲಿ ಗ್ಯಾರಂಟಿ ಕೊಡುತ್ತೇವೆ ಅಂದರು. ಖಜಾಂಚಿಗೆ ಆ ಗ್ಯಾರಂಟಿ ಹಿಡಿಸಿತು. ಅವರದ್ದೂ ತಪ್ಪಲ್ಲ, ಊರಿನವರು ಕೇಕ್ ಮಾರಿ ಕೂಡಿಸಿದ ದುಡ್ಡು ಅದು. ಒಂದು ಸಲ ಖರ್ಚು ಮಾಡಿದರೆ ಮತ್ತೆ ಕೇಳಬಾರದು ಅನ್ನುವ ಲೆಕ್ಕ.

ಮೀಟರಿನ ಬಗ್ಗೆ ಒಂದು ಮಾತು. ಆ ಮೀಟರುಗಳನ್ನು ಮಾಡಿರುವುದು ಮರದ ತೇವ ಅಳೆಯಲು. ಗೋಡೆಯಲ್ಲಿ ಉಪ್ಪಿದ್ದರೆ, ನೀರು ಕಡಿಮೆ ಇದ್ದರೂ ಕರೆಂಟು ಸಲೀಸಾಗಿ ಹರಿಯುತ್ತದೆ, ಮುಳ್ಳು ಮೇಲೇರುತ್ತದೆ. ಅರವತ್ತು ವರ್ಷ ಒದ್ದೆಯಾಗಿದ್ದ ಗೋಡೆಯಲ್ಲಿ ಉಪ್ಪಿಗೇನು ಬರ?

ಮೊದಲ ತಿರುವು

ಇಷ್ಟ ಬಂದ ಹಾಗೆ ತೂತು ಕೊರೆಯಲು ಸಮಿತಿಗೆ ಅಧಿಕಾರವಿಲ್ಲ. ಬಳಕೆಯಲ್ಲಿರುವ ಚರ್ಚುಗಳಿಗೆ ಸ್ಥಳೀಯ ಸಂಸ್ಥೆಯ ರಕ್ಷಿತ ಕಟ್ಟಡದ ಪರವಾನಗಿ ಬೇಕಿಲ್ಲ, ನಿಜ. ಆದರೆ ಅದರ ಬದಲು ಚರ್ಚಿನದ್ದೇ ಕಾನೂನು ಇದೆ. ಇಂಥ ಕೆಲಸಕ್ಕೆ ಬಿಷಪ್ಪರ ಆಡಳಿತ ಪ್ರದೇಶವಾದ ಡಯಾಸಿಸ್‌ನ ಚಾನ್ಸಲರ್, ಅಂದರೆ ಚರ್ಚಿನ ನ್ಯಾಯಾಧೀಶರು, ಫ್ಯಾಕಲ್ಟಿ ಅನ್ನುವ ಅನುಮತಿ ಕೊಡಬೇಕು. ಅದಕ್ಕೆ ಮೊದಲು ಡಯಾಸಿಸ್‌ನ ಸಲಹಾ ಸಮಿತಿ ನೋಡುತ್ತದೆ. ಊರಿನವರಿಗೆ ಇದು ಸುಮ್ನೆ ಕಾಗದದ ಕಾಟ ಅನ್ನಿಸಿತ್ತು. ನನಗೂ ಎಷ್ಟೋ ಸಲ ಅನ್ನಿಸಿದ್ದುಂಟು. ಇಲ್ಲಿ ಮಾತ್ರ ಗೋಡೆಯನ್ನು ಉಳಿಸಿದ್ದು ಅದೇ.

ಸಲಹಾ ಸಮಿತಿಯಿಂದ ಬಂದ ಹಿರಿಯರೊಬ್ಬರು ಒಳಗೆಲ್ಲ ಒಂದು ಸುತ್ತು ಹಾಕಿ ಕೇಳಿದರು: "ಜೋರು ಮಳೆ ಬರುವಾಗ ಯಾರಾದರೂ ಹೊರಗೆ ನಿಂತು ಈ ಗೋಡೆ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಮಳೆ ಬಂದರೆ ಜನ ಒಳಗೆ ಹೋಗುತ್ತಾರೆ, ಅಲ್ವಾ?

ರಾಸಾಯನಿಕ ಯಾಕೆ ಬೇಡ ಅಂತಲೂ ಅವರು ವಿವರಿಸಿದರು. ಇಟ್ಟಿಗೆ ಗೋಡೆಯಲ್ಲಾದರೆ ಅಡ್ಡಕ್ಕೆ ಒಂದೇ ಸಮನೆ ಗಾರೆಯ ಸಾಲಿರುತ್ತದೆ, ಅದಕ್ಕೆ ತುಂಬಬಹುದು. ಇಲ್ಲಿ ನಡುವೆ ಇರುವುದು ಚೂರುಕಲ್ಲು ಮತ್ತು ಪೊಳ್ಳು. ಸುರಿದದ್ದು ಎತ್ತ ಹೋಗುತ್ತದೋ ಹೇಳುವವರು ಯಾರು? ಊರಿನ ಸಮಿತಿ ಅಂದು ಕಂಪನಿಯ ಪ್ರಸ್ತಾಪವನ್ನು ತಿರಸ್ಕರಿಸಲಿಲ್ಲ, ಮುಂದಕ್ಕೆ ಹಾಕಿತು. ಚಳಿಗಾಲ ಮುಗಿಯುವವರೆಗೆ ಖರ್ಚಿಲ್ಲದೆ ನೋಡೋಣ ಅಂತ ತೀರ್ಮಾನ.

ನೋಡುವ ಕೆಲಸ ವಾರ್ಡನ್‌ದಾಯಿತು. ಚರ್ಚ್ ವಾರ್ಡನ್ ಅಂದರೆ ಊರಿನವರು ಆರಿಸಿದ, ಕಟ್ಟಡದ ಜವಾಬ್ದಾರಿ ಹೊತ್ತವರು. ಇವರು ವಯಸ್ಸಾದ ರೈತರು. ಮಳೆಕೋಟು ಹಾಕಿಕೊಂಡು ಜೋರು ಮಳೆಯಲ್ಲಿ ನಿಂತರು. ಮಾಡಿನ ನೀರು ಇಳಿಯುವ ಎರಕದ ಕಬ್ಬಿಣದ ಪೈಪು ಮುಂದಿನಿಂದ ನೋಡಿದರೆ ಕಪ್ಪಗೆ ಮಿರಮಿರ ಹೊಳೆಯುತ್ತಿತ್ತು, ಯಾರೋ ಚೆನ್ನಾಗಿ ಪೇಂಟ್ ಮಾಡಿದ್ದರು. ಆದರೆ ಗೋಡೆಗೆ ಒತ್ತಿ ಕೂರಿಸಿದ ಪೈಪಿನ ಬೆನ್ನಿಗೆ ಬ್ರಷ್ ಹೋಗುವುದೇ ಇಲ್ಲ. ಅಲ್ಲಿ ತುಕ್ಕು ಹಿಡಿದು ಉದ್ದಕ್ಕೆ ಸೀಳಿತ್ತು. ಅವರು ಕೈಯನ್ನು ಹಿಂದಕ್ಕೆ ತೂರಿಸಿದಾಗ ಎರಡು ಬೆರಳು ಪೈಪಿನೊಳಗೇ ಹೋದವು. ಮಾಡಿನ ಅರ್ಧ ನೀರು ಅಲ್ಲಿಂದ ನೇರ ಗೋಡೆಗೆ. ಉಳಿದರ್ಧ ಬುಡದ ಗುಂಡಿಯಲ್ಲಿ ಎಲೆ ಕಟ್ಟಿಕೊಂಡು ಅಲ್ಲೇ ನಿಲ್ಲುತ್ತಿತ್ತು.

ಇನ್ನೊಂದು ಕಾರಣ ಎಲ್ಲರ ಕಣ್ಣೆದುರೇ ಇತ್ತು. ಶತಮಾನಗಳಿಂದ ಹೂಳುತ್ತಾ ಬಂದ ಚರ್ಚಿನಂಗಳದಲ್ಲಿ ಮಣ್ಣು ಏರಿತ್ತು. ಉತ್ತರದ ಕಡೆ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರ.

ಮಾಡಿದ್ದು

ಮೊದಲು ಪೈಪು ಬದಲಾಯಿತು. ಹೊಸ ಪೈಪನ್ನು ಗೋಡೆಯಿಂದ ದೂರ ನಿಲ್ಲಿಸಿ, ಹಿಂದೆ ಬ್ರಷ್ ಆಡುವಷ್ಟು ಸಂದು ಬಿಡಬೇಕು ಅಂತ ವಾರ್ಡನ್ ಪಟ್ಟು ಹಿಡಿದರು. ಇಡೀ ಯೋಜನೆಯಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಸಲಹೆ ಅದೇ.

ಚರಂಡಿಯ ವಿಷಯಕ್ಕೆ ಜಗಳವೇ ಆಯಿತು. ಗೋಡೆಯುದ್ದಕ್ಕೂ ಆಳವಾಗಿ ತೋಡಿ ಜಲ್ಲಿ ತುಂಬೋಣ ಅಂತ ಕೆಲವರು. ಆದರೆ ನಾರ್ಮನ್ ಗೋಡೆಗೆ ಹೇಳಿಕೊಳ್ಳುವಂಥ ಅಡಿಪಾಯವಿಲ್ಲ. ಪಕ್ಕದಲ್ಲಿ ಆಳಕ್ಕೆ ತೋಡಿದರೆ ಗೋಡೆಯೇ ಜರುಗಬಹುದು. ಜೊತೆಗೆ ಗೋರಿಗಳು. ಉತ್ತರದ ಬದಿ ಅಪಶಕುನ ಅಂತ ಹಿಂದೆ ಅಲ್ಲಿ ಹೂಳುವುದು ಕಡಿಮೆ ಅನ್ನುತ್ತಾರೆ, ಆದರೂ ಎಲುಬು ಸಿಗುವುದು ಖಚಿತ. ಕೊನೆಗೆ ಮೇಲುಮೇಲಿನ ಮಣ್ಣನ್ನಷ್ಟೇ ಅಗಲವಾಗಿ ಕೆರೆದು, ಹಿಂದೆ ವಿಕ್ಟೋರಿಯನ್ನರು ಹಾಕಿದ್ದ ಇಟ್ಟಿಗೆ ಕಾಲುವೆಯನ್ನು ಬಿಡಿಸುವುದು ಅಂತಾಯಿತು. ಪುರಾತತ್ವದವರೊಬ್ಬರು ಪಕ್ಕದಲ್ಲೇ ನಿಂತು ನೋಡಿದರು. ಸಿಕ್ಕ ಎಲುಬುಗಳನ್ನು ವಿಕರ್ ಪ್ರಾರ್ಥನೆ ಹೇಳಿ ಅದೇ ಅಂಗಳದಲ್ಲಿ ಮತ್ತೆ ಹೂಳಿದರು.

ಹೊರಗಿನ ಸಿಮೆಂಟ್ ಪಾಯಿಂಟಿಂಗ್ ಅಷ್ಟು ಸುಲಭದ್ದಾಗಿರಲಿಲ್ಲ. ಚಕಮಕಿ ಕಲ್ಲು ನೀರು ಕುಡಿಯುವುದಿಲ್ಲ. ಗೋಡೆಯೊಳಗಿನ ತೇವ ಹೊರಬರಬೇಕಾದರೆ ಗಾರೆಯ ಸಂದಿನಿಂದಲೇ ಬರಬೇಕು. ಆ ಸಂದಿಗೆ ಸಿಮೆಂಟ್ ಮುಚ್ಚಿದರೆ ನೀರು ಒಳಗಿನ ಮುಖಕ್ಕೆ ಹೋಗುತ್ತದೆ. ಸಿಮೆಂಟ್ ಗಡುಸು, ಕಾಲಕ್ರಮೇಣ ಕೂದಲೆಳೆಯಷ್ಟು ಬಿರುಕು ಬಿಟ್ಟು ಮಳೆನೀರನ್ನು ಎಳೆದುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ. ನಮ್ಮ ಕಡೆ ಸುಣ್ಣದ ಗಾರೆಯ ಹಳೇ ತೊಟ್ಟಿಮನೆಗೆ ಸಿಮೆಂಟ್ ಮೆತ್ತಿಸಿ, ಎರಡು ಮಳೆಗಾಲದಲ್ಲಿ ಒಳಗೋಡೆ ಉದುರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಎಲ್ಲ ಸಿಮೆಂಟನ್ನೂ ಕಿತ್ತರೆ? ಮೊದಲು ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಪ್ರಯೋಗ ಮಾಡಿಸಿದೆವು. ಸಡಿಲವಾಗಿದ್ದದ್ದು ಉಳಿಯ ತುದಿ ತಾಗಿದರೆ ಚಕ್ಕೆಚಕ್ಕೆಯಾಗಿ ಬಂತು. ಗಟ್ಟಿಯಾಗಿದ್ದದ್ದು ಪಕ್ಕದ ಚಕಮಕಿಯನ್ನೂ ಸೀಳಿಕೊಂಡೇ ಬಂತು. ಸಡಿಲವಾದದ್ದನ್ನು ತೆಗೆದು ಸುಣ್ಣದ ಗಾರೆ ತುಂಬುವುದು, ಗಟ್ಟಿಯಾದದ್ದನ್ನು ಮುಟ್ಟದಿರುವುದು ಅಂತ ತೀರ್ಮಾನವಾಯಿತು. ನೋಡುವುದಕ್ಕೆ ತೇಪೆ ತೇಪೆ. ಇರಲಿ.

ಎಡವಿದ್ದು ಹವೆಯಲ್ಲಿ. ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತದೆ, ಹಸಿಯಾಗಿರುವಾಗ ಹಿಮ ಬಿದ್ದರೆ ಪುಡಿಯಾಗುತ್ತದೆ. ಇಂಗ್ಲೆಂಡಿನಲ್ಲಿ ಅದಕ್ಕೆ ವಸಂತದಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಸರಿ. ಅನುಮತಿ ಬರುವುದು ತಡವಾಗಿ, ಗುತ್ತಿಗೆದಾರರಿಗೆ ಬೇರೆ ಕೆಲಸವೂ ಕಾಯುತ್ತಿದ್ದರಿಂದ, ಕೊನೆಯ ಭಾಗ ಅಕ್ಟೋಬರ್ ಕೊನೆಗೆ ಸರಿಯಿತು. ಗೋಣಿತಾಟು ಇಳಿಬಿಟ್ಟು ಮುಚ್ಚಿದ್ದರು. ಒಂದು ರಾತ್ರಿ ಗಾಳಿಗೆ ತಾಟು ಹಾರಿತು, ಬೆಳಿಗ್ಗೆ ಹಿಮ. ವಸಂತದಲ್ಲಿ ಬೆರಳಿನಿಂದ ಉಜ್ಜಿದರೆ ಗಾರೆ ಮರಳಿನಂತೆ ಉದುರಿತು. ಅಷ್ಟನ್ನೂ ಮತ್ತೆ ಮಾಡಬೇಕಾಯಿತು.

ಸುಣ್ಣದ ಕೆಳಗೆ

ಒಳಗಿನ ಸಿಮೆಂಟ್ ಪ್ಲಾಸ್ಟರು ತೆಗೆಯುವಾಗ ದೊಡ್ಡ ತಿರುವು ಬಂತು. ಪ್ಲಾಸ್ಟರಿನ ಮೇಲಂಚಿನಲ್ಲಿ, ಉಬ್ಬಿದ ಹಳೇ ಸುಣ್ಣದ ಒಂದು ಚಕ್ಕೆ ಬಿದ್ದ ಕಡೆ, ಕೆಮ್ಮಣ್ಣಿನ ಬಣ್ಣದ ಗೆರೆ ಕಂಡಿತು. ಕೆಲಸಗಾರ ಅಲ್ಲಿಗೇ ಕೈ ನಿಲ್ಲಿಸಿ ಫೋನ್ ಮಾಡಿದ. ಅವನ ಆ ಒಂದು ನಿಮಿಷದ ಬುದ್ಧಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಗೋಡೆಚಿತ್ರಗಳ ತಜ್ಞೆ ಬಂದರು. ಸಣ್ಣ ಚಾಕುವಿನಿಂದ ಅಂಗೈಗಿಂತ ಚಿಕ್ಕ ಕಿಂಡಿಗಳನ್ನು ಅಲ್ಲಲ್ಲಿ ಬಿಡಿಸಿದರು. ಮೇಲೆ ಸುಣ್ಣದ ಪದರ ಪದರ. ನಡುವೆ ದಪ್ಪ ಕಪ್ಪಕ್ಷರದ ಬರಹ, ಚಿತ್ರಗಳು ಹೋದ ಮೇಲೆ ಬರೆದ ಬೈಬಲ್ ವಚನ ಇರಬೇಕು. ಅದಕ್ಕೂ ಕೆಳಗೆ ಕೆಂಪು ಗೆರೆ, ದೊಡ್ಡದೊಂದು ಆಕೃತಿಯ ಕಾಲು, ಅದರ ಸುತ್ತ ನೀರಿನ ಅಲೆಯಂಥ ರೇಖೆ. ದಕ್ಷಿಣದ ಬಾಗಿಲಿಗೆ ಸರಿಯಾಗಿ ಎದುರು. ಮಧ್ಯಯುಗದಲ್ಲಿ ಈ ಜಾಗದಲ್ಲಿ ಸಂತ ಕ್ರಿಸ್ಟೊಫರ್‌ನನ್ನು ಬರೆಯುವುದು ರೂಢಿ. ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುವವನು. ಬೆಳಿಗ್ಗೆ ಬಾಗಿಲಿಂದ ಇಣುಕಿ ಅವನ ಮುಖ ನೋಡಿದರೆ ಅವತ್ತು ಕೆಟ್ಟ ಸಾವು ಬರುವುದಿಲ್ಲ ಅಂತ ನಂಬಿಕೆ ಇತ್ತು. ಅದಕ್ಕೇ ಬಾಗಿಲ ಎದುರು, ಅದಕ್ಕೇ ಅಷ್ಟು ದೊಡ್ಡದು.

ಊರಿನಲ್ಲಿ ಸಡಗರ. ಎಂದೂ ಚರ್ಚಿಗೆ ಬರದವರೂ ಬಂದು ನೋಡಿದರು. ಪೂರ್ತಿ ಬಿಡಿಸಿ, ನೋಡಲು ಜನ ಬರುತ್ತಾರೆ, ದುಡ್ಡೂ ಬರುತ್ತದೆ ಅಂತ ಒತ್ತಾಯ. ಖಜಾಂಚಿಯೂ ಈ ಸಲ ಆ ಕಡೆಗೇ. ತಜ್ಞೆ ಒಪ್ಪಲಿಲ್ಲ. ಗೋಡೆ ಇನ್ನೂ ಒಣಗುತ್ತಿದೆ, ಒಣಗುವಾಗ ಉಪ್ಪು ಮೇಲ್ಮೈಗೆ ಬಂದು ಹರಳುಗಟ್ಟುತ್ತದೆ, ಈಗ ಅದು ಒಡೆಯುತ್ತಿರುವುದು ಮೇಲಿನ ಸುಣ್ಣವನ್ನು, ಚಿತ್ರ ತೆರೆದಿಟ್ಟರೆ ಚಿತ್ರವನ್ನೇ ಒಡೆಯುತ್ತದೆ ಅಂದರು. ಚಿತ್ರ ಬೇಕೆಂದರೆ ನಡುವಿನ ಕಪ್ಪಕ್ಷರದ ಬರಹವನ್ನು ಕೆರೆದು ಹಾಕಬೇಕು, ಅದೂ ಈ ಊರಿನ ಚರಿತ್ರೆಯೇ. ಹಿಂದೆ ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಏನಾಯಿತು ಅನ್ನುವುದಕ್ಕೆ ಟ್ರಿಸ್ಟ್ರಾಮ್ ಉದಾಹರಣೆ ಕೊಟ್ಟರು. 20ನೇ ಶತಮಾನದ ಮೊದಲರ್ಧದಲ್ಲಿ ಪ್ರೊಫೆಸರ್ ಇ. ಡಬ್ಲ್ಯೂ. ಟ್ರಿಸ್ಟ್ರಾಮ್ ಇಂಗ್ಲೆಂಡಿನ ಎಷ್ಟೋ ಗೋಡೆಚಿತ್ರಗಳನ್ನು ಬಿಡಿಸಿ, ಕಾಪಾಡಲೆಂದು ಮೇಣ ಬಳಿದರು. ಮೇಣ ತೇವವನ್ನು ಒಳಗೇ ಹಿಡಿಯಿತು, ಧೂಳು ಅಂಟಿ ಕಪ್ಪಾಯಿತು. ಅದನ್ನು ತೆಗೆಯುವುದೇ ಮುಂದಿನವರಿಗೆ ದೊಡ್ಡ ಕೆಲಸವಾಯಿತು.

ಸಮಿತಿಯ ಸಭೆ ಬಹಳ ಹೊತ್ತು ನಡೆಯಿತು. ಕೊನೆಗೆ ಬಿಡಿಸಿದ ಎರಡು ಕಿಂಡಿಗಳನ್ನು ಮಾತ್ರ ಹಾಗೇ ಇಟ್ಟು, ಸಡಿಲವಾದ ಸುಣ್ಣದ ಅಂಚುಗಳನ್ನು ಭದ್ರ ಮಾಡಿ, ಉಳಿದದ್ದನ್ನು ಮುಚ್ಚಿಯೇ ಬಿಡುವುದು ಅಂತ ನಿರ್ಧರಿಸಿದರು. ಎದೆಯೆತ್ತರದ ಕೆಳಗೆ ಸಿಮೆಂಟ್ ಹಾಕುವಾಗಲೇ ಎಲ್ಲ ಹೋಗಿತ್ತು. ಅಲ್ಲಿಗೆ ಹೊಸದಾಗಿ ಸುಣ್ಣದ ಗಿಲಾವು ಬಂತು.

ಆದದ್ದು, ಅದರಿಂದ ತಿಳಿದದ್ದು

ಎರಡನೇ ಚಳಿಗಾಲದ ಹೊತ್ತಿಗೆ ವಾಸನೆ ಹೋಯಿತು. ಉಪ್ಪು ಇನ್ನೂ ಬರುತ್ತದೆ, ಒಣ ಬ್ರಷ್‌ನಿಂದ ಗುಡಿಸಿ ತೆಗೆಯುತ್ತಾರೆ. ಆರ್ಗನ್ ಸರಿಯಾಯಿತು. ಗೋಪುರದ ಹತ್ತಿರದ ಮೂಲೆ ಮಾತ್ರ ಇಂದಿಗೂ ತೇವ. ಅಲ್ಲಿ ಸಿಮೆಂಟ್ ಗಟ್ಟಿಯಾಗಿ ಕೂತಿದೆ, ಮುಟ್ಟಿಲ್ಲ.

ಇಂಥದ್ದೇ ಗೋಡೆ ಮುಂದಿಟ್ಟುಕೊಂಡು ಕೂತಿರುವ ಸಮಿತಿಗಳಿಗೆ ನಾನು ಈಗ ಹೇಳುವುದು ಕೆಲಸಗಳ ಸರದಿಯ ಬಗ್ಗೆ. ನೀರು ಎಲ್ಲಿಂದ ಬರುತ್ತಿದೆ ಅಂತ ಕಣ್ಣಾರೆ ನೋಡುವವರೆಗೆ ಗೋಡೆ ಮುಟ್ಟಬೇಡಿ. ಪೈಪು, ಮಾಡಿನಂಚಿನ ನೀರಿನ ದೋಣಿ, ಮಣ್ಣಿನ ಮಟ್ಟ ಸರಿ ಮಾಡಿ ಒಂದು ಚಳಿಗಾಲ ಬಿಡಿ. ಆಗಲೂ ಒದ್ದೆ ಇದ್ದರೆ ಗಾರೆಯ ಮಾತು. ನಾವು ಈ ಸರದಿಯನ್ನು ಬಿಟ್ಟಿದ್ದರೆ ಮೊದಲು ತೂತು ಬೀಳುತ್ತಿತ್ತು, ಆಮೇಲೆ ಹೊಸ ಸಿಮೆಂಟ್ ಪ್ಲಾಸ್ಟರು, ಕ್ರಿಸ್ಟೊಫರ್‌ನ ಕಾಲು ಅದರಡಿ. ಸುಣ್ಣದ ಕೆಲಸಕ್ಕೆ ಅನುಮತಿ ಚಳಿಗಾಲದಲ್ಲೇ ಕೈಗೆ ಸಿಗುವ ಹಾಗೆ ಅರ್ಜಿ ಹಾಕಬೇಕು ಅನ್ನುವುದು ಇನ್ನೊಂದು. ಹಳೇ ಗೋಡೆಗೆ ಉಳಿ ಇಡುವವರಿಗೆ ಬಣ್ಣ ಕಂಡ ತಕ್ಷಣ ನಿಲ್ಲಿಸಿ ಅಂತ ಮೊದಲ ದಿನವೇ ಹೇಳಿ, ನಿಲ್ಲಿಸಿದ ದಿನದ ಕೂಲಿ ಹೋಗುವುದಿಲ್ಲ ಅಂತ ಬರೆದುಕೊಡಿ. ಇಲ್ಲದಿದ್ದರೆ ಯಾರು ನಿಲ್ಲಿಸುತ್ತಾರೆ?

ದುಡ್ಡಿನ ಬಗ್ಗೆ ಒಂದಿಷ್ಟು. ರಿಪೇರಿಗೆ 20% ವ್ಯಾಟ್ ತೆರಿಗೆ ಬೀಳುತ್ತದೆ. ರಕ್ಷಿತ ಪ್ರಾರ್ಥನಾ ಮಂದಿರಗಳಿಗೆ ಅದನ್ನು ಮರಳಿಸುವ ಸರ್ಕಾರಿ ಯೋಜನೆ 2001ರಲ್ಲಿ ಬಂತು. 2025ರಿಂದ ಅದಕ್ಕೆ ಒಂದು ಕಟ್ಟಡಕ್ಕೆ ವರ್ಷಕ್ಕೆ 25,000 ಪೌಂಡ್ ಮಿತಿ ಹಾಕಿದರು. ಈ ಊರಿನಂಥ ಸಣ್ಣ ಕೆಲಸಕ್ಕೆ ಮಿತಿ ತಾಗಲಿಲ್ಲ, ಮಾಡು ಬದಲಿಸುವವರಿಗೆ ತಾಗುತ್ತಿತ್ತು. 2026ರ ಮಾರ್ಚ್ ಕೊನೆಗೆ ಆ ಯೋಜನೆಯೇ ಮುಗಿಯಿತು.

ಚಿತ್ರದ ಜಗಳ ಮುಗಿದಿಲ್ಲ. ಬಿಡಿಸಬೇಕು ಅನ್ನುವ ಗುಂಪು ಬೇರೆ ಖಾತೆ ತೆರೆದು ದುಡ್ಡು ಕೂಡಿಸುತ್ತಿದೆ. ಮುಂದಿನ ಐದು ವರ್ಷದ ತಪಾಸಣೆಯಲ್ಲಿ ತಜ್ಞೆ ಉಪ್ಪನ್ನು ಮತ್ತೆ ಅಳೆಯುತ್ತಾರೆ, ಆಮೇಲೆ ಮಾತಾಡೋಣ ಅಂತ ಎರಡು ಕಡೆಯವರೂ ಒಪ್ಪಿದ್ದಾರೆ. ಅಷ್ಟರವರೆಗೆ ವರ್ಷಕ್ಕೆ ಎರಡು ಸಲ ದೋಣಿಯ ಎಲೆ ತೆಗೆಯುವ ಕೆಲಸ ಆ ಗುಂಪಿನದ್ದೇ. ಈ ಷರತ್ತು ಹಾಕಿದವರು ವಾರ್ಡನ್.